ಯಾವ ಕವರು?

ಕವರು ಎಂದರೆ ಈಗಿನವರಿಗೆ ಮೊಬೈಲಿನ ಹೊದಿಕೆ, ತರಕಾರಿ ಅಂಗಡಿಯ ಪ್ಲಾಸ್ಟಿಕ್ ಚೀಲ, ಮದುವೆಮನೆಯಲ್ಲಿ ಕೈಗೆ ತುರುಕುವ ಲಕೋಟೆ. ಕಾಪು, ಕಟಪಾಡಿ, ಶಿರ್ವ, ಪಡುಬಿದ್ರಿ ಕಡೆಯ ಹಳಬರ ಬಾಯಲ್ಲಿ ಅದು ಮನುಷ್ಯರ ಗುಂಪು. ಕುಟುಂಬದ ಮನೆಯಲ್ಲಿ ದೈವದ ಕೋಲಕ್ಕೆ ವಂತಿಗೆ ಎತ್ತುವಾಗ ‘ಕವರಿಗೆ ಇಷ್ಟು’ ಎಂದರೆ ಅಲ್ಲಿ ಯಾರೂ ಲಕೋಟೆ ಹುಡುಕುವುದಿಲ್ಲ. ಕೊಂಬೆ ಒಡೆದು ಎರಡಾಗುವುದು ಕವಲು. ಅದರದೇ ಇನ್ನೊಂದು ರೂಪ ಕವರು. ಒಬ್ಬ ತಾಯಿ, ಅವಳ ಮಕ್ಕಳು, ಮಗಳ ಮಕ್ಕಳು, ಮಗಳ ಮಗಳ ಮಕ್ಕಳು ಸೇರಿದರೆ ಒಂದು ಕವರು. ಮಗನ ಮಕ್ಕಳು ಅದರೊಳಗಿಲ್ಲ, ಅವರು ಅವರ ತಾಯಿಯ ಕವರಿನವರು. ಗಂಡನಂತೂ ಇಲ್ಲವೇ ಇಲ್ಲ.

ಬಂಟ, ಬಿಲ್ಲವ, ಮೊಗವೀರ ಮನೆಗಳಲ್ಲಿ ನಡೆದುಬಂದ, ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಕಟ್ಟಿನ, ಅಂದರೆ ಅಳಿಯಸಂತಾನದ, ಲೆಕ್ಕ ಇದು. ಭೂತಾಳ ಪಾಂಡ್ಯನೆಂಬ ಅರಸ ಹಾಕಿಕೊಟ್ಟ ಕಟ್ಟು ಎಂದು ಐತಿಹ್ಯ. ಮೊದಲೆಲ್ಲ ಎಲ್ಲರೂ ಒಪ್ಪದೆ ಕುಟುಂಬದ ಆಸ್ತಿ ಪಾಲಾಗುತ್ತಿರಲಿಲ್ಲ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ ಕವರು ಕವರಾಗಿ ಬೇರೆಯಾಗುವುದಕ್ಕೆ ದಾರಿಯಾಯಿತು. ಇಂಗ್ಲಿಷಿನಲ್ಲಿ ಬರೆದ ಆ ಕಾಯ್ದೆ ಕವರನ್ನು ಕವರೆಂದೇ ಉಳಿಸಿಕೊಂಡಿತು; ಬೇರೆ ಮಾತು ಅದಕ್ಕೂ ಸಿಕ್ಕಿರಲಾರದು. ಅಷ್ಟಕ್ಕೇ ನಿಲ್ಲದೆ ಕವರಿನಲ್ಲಿ ಎರಡು ಬಗೆ ಮಾಡಿತು. ಐವತ್ತು ವರ್ಷ ತುಂಬದ ಹೆಂಗಸು ಒಬ್ಬಳಾದರೂ ಇದ್ದರೆ ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ಕುಟುಂಬದಲ್ಲಿ ಬೇರೆ ಸಂತತಿ ಕವರು ಇರುವಾಗ ಪಾಲಾದರೆ, ನಿಸ್ಸಂತತಿ ಕವರಿಗೆ ಬಂದ ಗದ್ದೆತೋಟ ಅವರ ಜೀವಮಾನಕ್ಕೆ ಮಾತ್ರ. ಅಂದರೆ ಚಿಕ್ಕಮ್ಮನಿಗೆ ನಲವತ್ತೊಂಬತ್ತೋ ಐವತ್ತೊಂದೋ ಎನ್ನುವುದರ ಮೇಲೆ ಮನೆತನದ ಜಮೀನು ನಿಂತಿತ್ತು. ಹುಟ್ಟಿದ ತಾರೀಕು ಬರೆದಿಡುವ ರೂಢಿಯಿಲ್ಲದ ಮನೆಗಳಲ್ಲಿ ಈ ಪ್ರಶ್ನೆಗೆ ಎಷ್ಟು ಬಗೆಯ ಉತ್ತರ ಬಂದಿರಬೇಡ!

ದಸ್ತಾವೇಜು ಬರೆಯುವವರ ಕೋಣೆಯಲ್ಲಿ ಒಮ್ಮೆ ಈ ಶಬ್ದದ ಎರಡೂ ಅರ್ಥ ಮುಖಾಮುಖಿಯಾದವು. ದುಬೈಯಿಂದ ರಜೆಯಲ್ಲಿ ಬಂದ ಮಗ ತಾಯಿಯನ್ನು ವೀಲು ಬರೆಸಲು ಕರೆತಂದಿದ್ದ. “ಅಮ್ಮಾ, ಜಾಗ ನೀವು ತೆಗೆದುಕೊಂಡದ್ದಾ, ಕವರಿನಲ್ಲಿ ಬಂದದ್ದಾ?” ಎಂದು ದಸ್ತಾವೇಜು ಬರೆಯುವವರು ಕೇಳಿದರು. “ಕವರಿನಲ್ಲಿ ಬಂದದ್ದು” ಎಂದರು ತಾಯಿ. ಮಗ ಕೂಡಲೇ ತೊಡೆಯ ಮೇಲಿದ್ದ ಪ್ಲಾಸ್ಟಿಕ್ ಚೀಲ ಬಿಚ್ಚಿ ಪಹಣಿ, ತೀರ್ವೆ ರಶೀದಿ, ಆಧಾರ್ ಪ್ರತಿ ಎಲ್ಲ ಮೇಜಿನ ಮೇಲೆ ಹರಡಿ, “ಯಾವ ಕವರಿನಲ್ಲಿ ಅಮ್ಮಾ?” ಎಂದ. ನಕ್ಕವರು ನಕ್ಕರು. ಆದರೆ ಆ ಹುಡುಗನಿಗೆ ಗೊತ್ತಿಲ್ಲದ ಶಬ್ದ ದೆಹಲಿಯ ಕಾನೂನಿಗೆ ಗೊತ್ತಿದೆ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಕುಟುಂಬ, ಕವರು ಎರಡೂ ಶಬ್ದಗಳಿವೆ. ಕವರಿನ ಆಸ್ತಿಯಲ್ಲಿ ತನಗಿರುವ ಹಕ್ಕನ್ನು ಒಬ್ಬರು ವೀಲು ಬರೆದು ಕೊಡಬಹುದು ಎನ್ನುತ್ತದೆ ಅದರ 30ನೇ ಕಲಮು. ವೀಲು ಇಲ್ಲದೆ ತೀರಿಕೊಂಡರೆ ಅವರ ಪಾಲು ಕವರಿಗೆ ಹಿಂದಿರುಗದೆ ವಾರಸುದಾರರಿಗೆ ಹೋಗುತ್ತದೆ. ಇಲ್ಲಿಯವರೆಗೆ ಬಹಳ ಮಂದಿಗೆ ಗೊತ್ತು. ‘ಈಗೆಲ್ಲ ಉಳಿದವರ ಹಾಗೆ ಮಕ್ಕಳಕಟ್ಟೇ’ ಎಂದು ಮಾತು ಮುಗಿಸುತ್ತಾರೆ.

ಮುಗಿಯುವುದಿಲ್ಲ. ಅದೇ ಕಾಯ್ದೆಯ 17ನೇ ಕಲಮು ಅಳಿಯಸಂತಾನದವರಿಗೆ ಬೇರೆಯೇ ಲೆಕ್ಕ ಇಟ್ಟಿದೆ. ಉಳಿದ ಹಿಂದೂ ಹೆಂಗಸು ವೀಲು ಬರೆಯದೆ ತೀರಿಕೊಂಡರೆ ಮಕ್ಕಳ ಜೊತೆ ಗಂಡನಿಗೂ ಪಾಲು. ಅಳಿಯಸಂತಾನದ ಹೆಂಗಸಾದರೆ ಮೊದಲ ಸಾಲಿನಲ್ಲಿ ಮಕ್ಕಳು ಮತ್ತು ಅವಳ ತಾಯಿ. ಗಂಡ ಎರಡನೇ ಸಾಲು. ಮಕ್ಕಳಿದ್ದರೆ ಅವನಿಗೆ ಏನೂ ಇಲ್ಲ. ಕವರಿನಿಂದ ಗಂಡನನ್ನು ಹೊರಗಿಟ್ಟ ಹಳೆಯ ಲೆಕ್ಕ ಹೊಸ ಕಾನೂನಿನಲ್ಲೂ ಹೀಗೆ ಉಳಿದುಕೊಂಡಿದೆ.

ನಮ್ಮ ಊರಿನಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ಗಂಡ ಮುಂಬಯಿಯ ಹೋಟೆಲಿನಲ್ಲಿ ದುಡಿದು ಕಳಿಸಿದ ಹಣ. ಮನೆ ಕಟ್ಟಿದ್ದು ಹೆಂಡತಿಗೆ ತವರಿನ ಪಾಲಿನಲ್ಲಿ ಬಂದ ಹದಿನೈದು ಸೆಂಟ್ಸಿನಲ್ಲಿ. ಈಗ ಇಬ್ಬರೂ ಅಲ್ಲೇ ಇದ್ದಾರೆ, ಮಕ್ಕಳು ಪರವೂರಿನಲ್ಲಿ. ಮಕ್ಕಳೆಲ್ಲ ‘ಅಪ್ಪ ವೀಲು ಬರೆಯಲಿ’ ಎಂದು ಅಪ್ಪನ ಬೆನ್ನು ಹತ್ತುತ್ತಾರೆ. ಬರೆಯಬೇಕಾದದ್ದು ಅಮ್ಮ. ಅಮ್ಮ ಮೊದಲು ಹೋದರೆ, ಅಪ್ಪ ತಾನು ಕಟ್ಟಿಸಿದ ಮನೆಯಲ್ಲಿ ಮಕ್ಕಳ ದಯೆಯ ಮೇಲೆ ಇರಬೇಕಾಗುತ್ತದೆ. ಮಕ್ಕಳು ಒಳ್ಳೆಯವರೇ ಇರಬಹುದು. ಅವರು ಬ್ಯಾಂಕಿಗೆ ಅಡವಿಟ್ಟ ಪಾಲಿಗೆ ಒಳ್ಳೆಯತನ ಗೊತ್ತಾಗುವುದಿಲ್ಲ.

‘ಅಮ್ಮ ನನಗೆ ಪವರ್ ಆಫ್ ಅಟಾರ್ನಿ ಕೊಟ್ಟಿದ್ದಾರಲ್ಲ’ ಎನ್ನುವವರಿದ್ದಾರೆ. ಕೊಟ್ಟವರು ತೀರಿದ ದಿನವೇ ಆ ಪವರ್ ತೀರಿತು. ವೀಲಿಗಾದರೆ ದೊಡ್ಡ ಏರ್ಪಾಡು ಬೇಡ: ಸ್ಟಾಂಪ್ ಪೇಪರ್ ಬೇಡ, ರಿಜಿಸ್ಟರ್ ಆಗಲೇಬೇಕೆಂದಿಲ್ಲ (ಆದರೆ ಒಳ್ಳೆಯದು), ಸಾಕ್ಷಿ ಇಬ್ಬರು ಬೇಕು. ಸಾಕ್ಷಿಗೆ ಅಪ್ಪನ ಪ್ರಾಯದ ಗೆಳೆಯರನ್ನೇ ಕೂರಿಸುವುದು ನಮ್ಮ ಮರ್ಯಾದೆ. ಆದರೆ ನಾಳೆ ಕೋರ್ಟಿನಲ್ಲಿ ‘ನನ್ನ ಎದುರೇ ಸಹಿ ಹಾಕಿದರು’ ಎಂದು ಹೇಳಲು ಒಬ್ಬರಾದರೂ ಉಳಿದಿರಬೇಕು, ಹಾಗಾಗಿ ಕಿರಿಯರೇ ವಾಸಿ. ಬರೆದ ವೀಲನ್ನು ಮೊಹರು ಮಾಡಿದ ಕವರಿನಲ್ಲಿ ಜಿಲ್ಲಾ ನೋಂದಣಾಧಿಕಾರಿಯಲ್ಲಿ ಇಡುವುದಕ್ಕೂ ಅವಕಾಶವಿದೆ. ಅಲ್ಲಿ ಕವರು ಎಂದರೆ ಲಕೋಟೆಯೇ.

ಆ ದಿನ ದಸ್ತಾವೇಜು ಬರೆಯುವವರು ಒಂದು ಸಾಲು ಸೇರಿಸಿದರು: ಮನೆ ಗಂಡನಿಗೆ ಅವರ ಜೀವಮಾನದುದ್ದಕ್ಕೂ, ಆಮೇಲೆ ಮಕ್ಕಳಿಗೆ ಸಮಪಾಲು. ತಾಯಿಗೆ ನಗು. “ಅವರೇ ಕಟ್ಟಿಸಿದ ಮನೆಗೆ ಅವರಿಗೆ ನಾನು ಹಕ್ಕು ಬರೆದುಕೊಡುವುದಾ?”

“ಕಟ್ಟಿಸಿದ್ದು ಅವರೇ ಅಮ್ಮಾ, ಜಾಗ ನಿಮ್ಮದಲ್ವಾ? ಇಲ್ಲಿ ಸಹಿ ಹಾಕಿ. ಕೆಳಗೆ ಇನ್ನೊಂದು.”