ಮುಚ್ಚಿದ ಆಟಗಳ ಖಾಸಗಿ ಸರ್ವರ್‌ಗಳು

ಕಂಪನಿ ನಿಲ್ಲಿಸಿಬಿಟ್ಟ ಆನ್‌ಲೈನ್ ಆಟವನ್ನು ಅಭಿಮಾನಿಗಳೇ ತಮ್ಮ ಖರ್ಚಿನಲ್ಲಿ ಮತ್ತೆ ನಡೆಸುವ ಏರ್ಪಾಡಿಗೆ ಖಾಸಗಿ ಸರ್ವರ್ ಎನ್ನುತ್ತಾರೆ. ಇಂಥ ಆಟದ ಅರ್ಧ ಭಾಗ ಮಾತ್ರ ಆಟಗಾರನ ಕೈಗೆ ಬರುತ್ತದೆ: ಚಿತ್ರ, ಧ್ವನಿ, ನಕ್ಷೆ. ಯಾರು ಎಲ್ಲಿದ್ದಾರೆ, ಯಾರ ಏಟು ಯಾರಿಗೆ ತಗಲಿತು, ಯಾರ ಚೀಲದಲ್ಲಿ ಏನಿದೆ ಎಂಬ ಲೆಕ್ಕವೆಲ್ಲ ಕಂಪನಿಯ ಸರ್ವರ್‌ನಲ್ಲಿ ನಡೆಯುತ್ತದೆ. ಅದನ್ನು ಆರಿಸಿದ ದಿನವೇ ದುಡ್ಡು ಕೊಟ್ಟು ಕೊಂಡ ಆಟ ಕೆಲಸಕ್ಕೆ ಬಾರದಂತಾಗುತ್ತದೆ.

ಕಳೆದುಹೋದ ಅರ್ಧವನ್ನು ಅಭಿಮಾನಿಗಳು ಎರಡು ದಾರಿಯಲ್ಲಿ ಪಡೆದಿದ್ದಾರೆ. ಆಟ ಮತ್ತು ಸರ್ವರ್ ನಡುವೆ ಹರಿದಾಡುವ ದತ್ತಾಂಶವನ್ನು ದಾಖಲಿಸಿ, ಅದರ ಜಾಡು ಹಿಡಿದು ಸರ್ವರ್ ತಂತ್ರಾಂಶವನ್ನು ಮೊದಲಿನಿಂದ ಬರೆಯುವುದು ಒಂದು. 2003ರಲ್ಲಿ ಬಂದು 2011ರ ಡಿಸೆಂಬರ್‌ನಲ್ಲಿ ಮುಚ್ಚಿದ ‘ಸ್ಟಾರ್ ವಾರ್ಸ್ ಗ್ಯಾಲಕ್ಸೀಸ್’ ಆಟಕ್ಕಾಗಿ ನಡೆದ ಎಮ್ಯುಲೇಟರ್ ಕೆಲಸ ಈ ಬಗೆಯದು. ಅದು ವರ್ಷಗಳನ್ನೇ ನುಂಗಿತು. ಕಂಪನಿಯ ಒಳಗಿಂದ ಸೋರಿಬಂದ ಮೂಲ ಕೋಡ್ ಬಳಸುವುದು ಇನ್ನೊಂದು. ಮೊದಲನೆಯದರಲ್ಲಿ ಕಾನೂನಿನ ವಾದಕ್ಕೆ ಸ್ವಲ್ಪ ಜಾಗವಿದೆ, ಎರಡನೆಯದರಲ್ಲಿ ಅದೂ ಇಲ್ಲ. ಎರಡರಲ್ಲೂ ಪಾತ್ರ, ಚಿತ್ರ, ಸಂಗೀತ, ಹೆಸರುಗಳ ಹಕ್ಕು ಕಂಪನಿಯದೇ.

ನ್ಯಾಯಾಲಯದ ಚರಿತ್ರೆ ಶುರುವಾಗುವುದು ಮುಚ್ಚದ ಆಟಗಳಿಂದ. ಬ್ಲಿಝಾರ್ಡ್ ಕಂಪನಿಯ ‘ಬ್ಯಾಟಲ್.ನೆಟ್’ ಸೇವೆಗೆ ಪರ್ಯಾಯವಾಗಿ ಸ್ವಯಂಸೇವಕರು ‘ಬಿನೆಟ್‌ಡಿ’ ಎಂಬ ಉಚಿತ ಸರ್ವರ್ ಬರೆದಿದ್ದರು. 2002ರಲ್ಲಿ ಮೊಕದ್ದಮೆ ಬಿತ್ತು. ಆಟದ ಪ್ರತಿ ಅಸಲಿಯೇ ಎಂದು ಬಿನೆಟ್‌ಡಿ ಪರೀಕ್ಷಿಸುವುದಿಲ್ಲ, ಹಾಗಾಗಿ ಕದ್ದ ಪ್ರತಿಗಳಿಗೂ ದಾರಿ ತೆರೆಯುತ್ತದೆ ಎಂಬುದು ಕಂಪನಿಯ ಮುಖ್ಯ ಆಕ್ಷೇಪ. 2005ರಲ್ಲಿ ಅಮೆರಿಕದ ಎಂಟನೇ ವಲಯದ ಮೇಲ್ಮನವಿ ನ್ಯಾಯಾಲಯ ಕಂಪನಿಯ ಪರ ತೀರ್ಪಿತ್ತಿತು. ಆಟ ಹಾಕಿಕೊಳ್ಳುವಾಗ ‘ಒಪ್ಪಿದೆ’ ಎಂದು ಒತ್ತುವ ಕರಾರು ಬಳಕೆದಾರನನ್ನು ಕಟ್ಟಿಹಾಕುತ್ತದೆ ಎಂಬ ನಿಲುವು ಅಲ್ಲಿ ಗಟ್ಟಿಯಾಯಿತು.

ದುಡ್ಡು ಸೇರಿದರೆ ಪೆಟ್ಟು ಎಷ್ಟು ದೊಡ್ಡದೆಂದು 2010ರಲ್ಲಿ ಗೊತ್ತಾಯಿತು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಆಟದ ‘ಸ್ಕೇಪ್‌ಗೇಮಿಂಗ್’ ಎಂಬ ಖಾಸಗಿ ಸರ್ವರ್ 30 ಲಕ್ಷ ಡಾಲರ್‌ಗೂ ಹೆಚ್ಚು ಸಂಗ್ರಹಿಸಿತ್ತು. ಕ್ಯಾಲಿಫೋರ್ನಿಯಾದ ನ್ಯಾಯಾಲಯ ತಲಾ ಬಳಕೆದಾರನಿಗೆ 200 ಡಾಲರ್ ಲೆಕ್ಕ ಹಾಕಿ, ಒಟ್ಟು 8.8 ಕೋಟಿ ಡಾಲರ್‌ಗೂ ಮಿಕ್ಕಿದ ಪರಿಹಾರ ವಿಧಿಸಿತು.

ಅದೇ ಆಟದ ‘ನೊಸ್ಟಾಲ್‌ರಿಯಸ್’ ಸರ್ವರ್‌ನದು ಬೇರೆಯ ಕಥೆ. ಆಟ ಜೀವಂತವಾಗಿದ್ದರೂ ಅದರ 2004ರ ಮೊದಲ ರೂಪ ಎಲ್ಲೂ ಸಿಗುತ್ತಿರಲಿಲ್ಲ. 2015ರಲ್ಲಿ ಶುರುವಾದ ಈ ಸರ್ವರ್ ಆ ರೂಪವನ್ನು ಉಚಿತವಾಗಿ ಕೊಟ್ಟಿತು. ವಕೀಲರ ಪತ್ರ ಬಂದ ಮೇಲೆ 2016ರ ಏಪ್ರಿಲ್ 10ರಂದು ಬಾಗಿಲು ಹಾಕಿತು. ಮರುಪರಿಶೀಲನೆ ಕೋರಿದ ಮನವಿಗೆ 2 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಮೂಲ ಆಟದ ತಂಡವನ್ನು ನಡೆಸಿದ್ದ ಮಾರ್ಕ್ ಕರ್ನ್ ಅದನ್ನು ಕಂಪನಿಗೆ ತಲುಪಿಸಿದರು. ಹಳೆಯ ರೂಪ ನಿಮಗೆ ನಿಜವಾಗಿ ಬೇಕಿಲ್ಲ ಎಂದು 2013ರಲ್ಲಿ ಅಭಿಮಾನಿಯೊಬ್ಬನಿಗೆ ವೇದಿಕೆಯ ಮೇಲಿಂದಲೇ ಹೇಳಿದ್ದ ಕಂಪನಿ, 2019ರ ಆಗಸ್ಟ್‌ನಲ್ಲಿ ‘ಕ್ಲಾಸಿಕ್’ ಹೆಸರಿನಲ್ಲಿ ಅದನ್ನೇ ಹೊರತಂದಿತು. ಬೇಡಿಕೆಯಿದೆ ಎಂದು ಕಂಪನಿಗೆ ತೋರಿಸಿಕೊಟ್ಟದ್ದು ಅಭಿಮಾನಿಗಳೇ. ಈ ಋಣವನ್ನು ಯಾವ ಹಕ್ಕುಸ್ವಾಮ್ಯ ಕಾಯ್ದೆಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಿಜಕ್ಕೂ ಸತ್ತ ಆಟವೊಂದು ಬದುಕಿ ಬಂದ ಉದಾಹರಣೆ ಬೇಕೆಂದರೆ ‘ಸಿಟಿ ಆಫ್ ಹೀರೋಸ್’ ನೋಡಬೇಕು. 2004ರಲ್ಲಿ ಬಂದ ಈ ಸೂಪರ್‌ಹೀರೋ ಆಟದ ಒಡೆತನ ಕೊರಿಯಾದ ಎನ್‌ಸಿಸಾಫ್ಟ್ ಕಂಪನಿಯದು. 2012ರ ಆಗಸ್ಟ್ 31ರಂದು ಮುಚ್ಚುವ ಪ್ರಕಟಣೆ ಹೊರಬಿತ್ತು. ಆಟಗಾರರು ಆಟದೊಳಗಿನ ಅಟ್ಲಾಸ್ ಪಾರ್ಕ್‌ನಲ್ಲಿ ಪಂಜು ಹಿಡಿದು ಸೇರಿದರು, ಪತ್ರ ಬರೆದರು, ಸಹಿ ಸಂಗ್ರಹಿಸಿದರು. ಕಂಪನಿ ಬಗ್ಗಲಿಲ್ಲ. ನವೆಂಬರ್ 30ರಂದು ಸರ್ವರ್ ಆರಿತು.

ಆದರೆ ಕೋಡ್ ಹೊರಗೆ ಉಳಿದಿತ್ತು. ಸಣ್ಣ ಗುಂಪೊಂದು ವರ್ಷಗಟ್ಟಲೆ ಗುಟ್ಟಾಗಿ ಆಟ ನಡೆಸುತ್ತಿದ್ದ ಸಂಗತಿ 2019ರ ಏಪ್ರಿಲ್‌ನಲ್ಲಿ ಬಯಲಾಯಿತು. ಕಾಯ್ದು ಸೋತಿದ್ದ ಉಳಿದವರ ಸಿಟ್ಟು ಸಹಜವೇ ಆಗಿತ್ತು. ಕೋಡ್ ಎಲ್ಲರ ಕೈಗೂ ಬಂತು. ಹಾಗೆ ಹುಟ್ಟಿದ ಸರ್ವರ್‌ಗಳಲ್ಲಿ ‘ಹೋಮ್‌ಕಮಿಂಗ್’ ದೊಡ್ಡದು. ಅದು ಶುಲ್ಕ ಕೇಳಲಿಲ್ಲ. ತಿಂಗಳ ಖರ್ಚನ್ನು ಬಹಿರಂಗವಾಗಿ ತೋರಿಸಿ, ಅಷ್ಟು ದೇಣಿಗೆ ಬಂದೊಡನೆ ಪಡೆಯುವುದನ್ನು ನಿಲ್ಲಿಸುತ್ತಿತ್ತು. ಈ ಶಿಸ್ತು ಮತ್ತು ಕಂಪನಿಯೊಡನೆ ದೀರ್ಘಕಾಲ ನಡೆಸಿದ ಮಾತುಕತೆ ಫಲ ಕೊಟ್ಟವು. 2024ರ ಜನವರಿಯಲ್ಲಿ ಎನ್‌ಸಿಸಾಫ್ಟ್ ಹೋಮ್‌ಕಮಿಂಗ್‌ಗೆ ಅಧಿಕೃತ ಪರವಾನಗಿ ಕೊಟ್ಟಿತು, ಒಡೆತನವನ್ನು ತಾನೇ ಉಳಿಸಿಕೊಂಡಿತು. ‘ಎವರ್‌ಕ್ವೆಸ್ಟ್’ ಆಟದ ಹಳೆಯ ರೂಪವನ್ನು 2009ರಿಂದ ನಡೆಸುತ್ತಿರುವ ‘ಪ್ರಾಜೆಕ್ಟ್ 1999’ ಕೂಡ 2015ರಲ್ಲಿ ಡೇಬ್ರೇಕ್ ಕಂಪನಿಯೊಡನೆ ಲಿಖಿತ ಒಪ್ಪಂದಕ್ಕೆ ಬಂದಿತ್ತು.

ಎಲ್ಲರಿಗೂ ಈ ಭಾಗ್ಯವಿಲ್ಲ. ಡಿಸ್ನಿ 2013ರಲ್ಲಿ ಮುಚ್ಚಿದ ‘ಟೂನ್‌ಟೌನ್’ ಅಭಿಮಾನಿಗಳ ಕೈಯಲ್ಲಿ ಈಗಲೂ ನಡೆಯುತ್ತಿದೆ. ಅದೇ ಕಂಪನಿ 2017ರಲ್ಲಿ ನಿಲ್ಲಿಸಿದ ಮಕ್ಕಳ ಆಟ ‘ಕ್ಲಬ್ ಪೆಂಗ್ವಿನ್’ನ ‘ರೀರಿಟನ್’ ಸರ್ವರ್ ಮಾತ್ರ 2022ರ ಏಪ್ರಿಲ್‌ನಲ್ಲಿ ಲಂಡನ್ ನಗರ ಪೊಲೀಸರ ಕ್ರಮದಿಂದ ಕೊನೆಗೊಂಡಿತು, ಮೂವರ ಬಂಧನವಾಯಿತು. ಯಾವುದು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂಬುದು ಹೀಗೆ ಹಕ್ಕುದಾರರ ಮರ್ಜಿಗೆ ಬಿಟ್ಟ ಮಾತಾಗಿದೆ. ಇದು ಸರಿಯಾದ ಸ್ಥಿತಿಯಲ್ಲ.

ಕಾನೂನು ಅಲ್ಲಲ್ಲಿ ಸ್ವಲ್ಪ ಸಡಿಲಿದೆ. ಓಕ್‌ಲ್ಯಾಂಡ್‌ನ ಕಲೆ ಮತ್ತು ಡಿಜಿಟಲ್ ಮನರಂಜನೆಯ ವಸ್ತುಸಂಗ್ರಹಾಲಯದ ಕೋರಿಕೆಯ ಮೇಲೆ ಅಮೆರಿಕ 2018ರಲ್ಲಿ ವಿನಾಯಿತಿಯೊಂದನ್ನು ಕೊಟ್ಟಿತು: ಗ್ರಂಥಾಲಯ, ಸಂಗ್ರಹಾಲಯಗಳು ನಿಂತುಹೋದ ಆನ್‌ಲೈನ್ ಆಟವನ್ನು ರಕ್ಷಿಸಲು ತಾಂತ್ರಿಕ ಬೀಗ ಮುರಿಯಬಹುದು. ಆದರೆ ಸರ್ವರ್ ಕೋಡ್ ಅವರಿಗೆ ನ್ಯಾಯಬದ್ಧವಾಗಿ ಸಿಕ್ಕಿರಬೇಕು, ಆಟ ಕಟ್ಟಡದ ಆವರಣ ದಾಟಬಾರದು. ಮನೆಯಲ್ಲಿ ಕೂತ ಆಟಗಾರನಿಗೆ ಇದರಿಂದ ಪ್ರಯೋಜನವಿಲ್ಲ.

ಯೂಬಿಸಾಫ್ಟ್ 2014ರ ತನ್ನ ಕಾರ್ ರೇಸ್ ಆಟ ‘ದಿ ಕ್ರೂ’ವನ್ನು 2024ರ ಮಾರ್ಚ್ 31ರಂದು ಆರಿಸಿದಾಗ, ರಾಸ್ ಸ್ಕಾಟ್ ಎಂಬ ವಿಡಿಯೊ ನಿರ್ಮಾಪಕರು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಹೂಡಿದರು. ಸರ್ವರನ್ನು ಸದಾ ನಡೆಸಿ ಎಂಬುದು ಅವರ ಕೇಳಿಕೆಯಲ್ಲ, ಬಿಟ್ಟುಹೋಗುವಾಗ ಆಟವನ್ನು ಆಡುವ ಸ್ಥಿತಿಯಲ್ಲಿ ಬಿಟ್ಟುಹೋಗಿ ಎಂಬುದು. ಐರೋಪ್ಯ ಒಕ್ಕೂಟದ ನಾಗರಿಕ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅಭಿಮಾನಿಗಳ ಸರ್ವರ್ ‘ದಿ ಕ್ರೂ’ವನ್ನು ಮತ್ತೆ ಓಡಿಸಿತು.

ಬಿಟ್ಟುಹೋಗುವ ಈ ಬಗೆ ಅಸಾಧ್ಯವೇನಲ್ಲ. 1996ರ ‘ಮೆರಿಡಿಯನ್ 59’ ಆಟವನ್ನು 3ಡಿಒ ಕಂಪನಿ 2000ದಲ್ಲಿ ನಿಲ್ಲಿಸಿತ್ತು. ಮುಂದೆ ಅದು ಬೇರೆ ಕೈಗಳಿಗೆ ದಾಟಿ, 2012ರಲ್ಲಿ ಮೂಲ ಕರ್ತೃಗಳಾದ ಕರ್ಮ್ಸ್ ಸಹೋದರರೇ ಅದರ ಕೋಡನ್ನು ಮುಕ್ತ ಪರವಾನಗಿಯಲ್ಲಿ ಪ್ರಕಟಿಸಿದರು. ಆ ಆಟದ ಸರ್ವರ್ ನಡೆಸುವವರು ಇಂದು ಯಾರ ಅಪ್ಪಣೆಗೂ ಕಾಯಬೇಕಿಲ್ಲ.