ಅಗ್ಗದ ಪ್ರಯಾಣದ ತಿಳಿವಳಿಕೆ ಯಾರ ಸೊತ್ತು?

ಪ್ರವಾಸ ಸಂಸ್ಥೆಯ ನೆರವಿಲ್ಲದೆ, ತಮ್ಮ ದಾರಿಯನ್ನು ತಾವೇ ಗೊತ್ತುಮಾಡಿಕೊಂಡು, ಕಡಿಮೆ ಖರ್ಚಿನಲ್ಲಿ ಹೊರದೇಶಗಳನ್ನು ಸುತ್ತಬಯಸುವವರಿಗೆ ಹಣದಷ್ಟೇ ಅಗತ್ಯವಾದುದು ಸಣ್ಣಪುಟ್ಟ ಸಂಗತಿಗಳ ಖಚಿತ ತಿಳಿವಳಿಕೆ: ಯಾವ ಗಡಿಯಲ್ಲಿ ಯಾವ ಕಾಗದ ಕೇಳುತ್ತಾರೆ, ರಾತ್ರಿಯ ಬಸ್ಸು ಊರಿನ ಯಾವ ಮೂಲೆಯಿಂದ ಹೊರಡುತ್ತದೆ, ಒಂದು ಹಾಸಿಗೆಗೆ ಎಷ್ಟು ಬಾಡಿಗೆ ಕೊಟ್ಟರೆ ಮೋಸವಿಲ್ಲ, ಊಟ ಯಾವ ಬೀದಿಯಲ್ಲಿ ಅಗ್ಗ. ಇವೆಲ್ಲ ಈಗ ಫೋನಿನಲ್ಲೇ ಸಿಗುವುದರಿಂದ ಇದು ಇಂಟರ್ನೆಟ್ಟಿನ ಕೊಡುಗೆಯೆಂದು ತೋರುವುದು ಸಹಜ. ಆದರೆ ಇಂಥ ಮಾಹಿತಿಯನ್ನು ಕೂಡಿಹಾಕುವ, ತಿದ್ದುವ ಮತ್ತು ಹಂಚುವ ಪದ್ಧತಿ ಇಂಟರ್ನೆಟ್ಟಿಗಿಂತ ಬಹಳ ಹಳೆಯದು. ಪ್ರಯಾಣಿಕರು ಸಂಭಾವನೆಯಿಲ್ಲದೆ ಕೂಡಿಸಿಕೊಟ್ಟ ತಿಳಿವಳಿಕೆ ಕೊನೆಗೆ ಯಾರ ಸೊತ್ತಾಗುತ್ತದೆ ಎಂಬ ಪ್ರಶ್ನೆ ಆ ಪದ್ಧತಿಯ ಚರಿತ್ರೆಯುದ್ದಕ್ಕೂ ಎದುರಾಗುತ್ತದೆ.

ಲಂಡನ್ನಿನ ಜಾನ್ ಮರ್ರೆ ಪ್ರಕಾಶನವು 1836ರಲ್ಲಿ ಯುರೋಪು ಖಂಡದ ಪ್ರಯಾಣಿಕರಿಗಾಗಿ ಕೈಪಿಡಿಯನ್ನು ಹೊರತಂದಿತು; ಅದೇ ಕಾಲದಲ್ಲಿ ಜರ್ಮನಿಯ ಕೊಬ್ಲೆನ್ಜ್ ಪಟ್ಟಣದ ಪುಸ್ತಕ ವ್ಯಾಪಾರಿ ಕಾರ್ಲ್ ಬೇಡೆಕರ್, ಪ್ರಯಾಣಿಕನು ಬಾಡಿಗೆ ಮಾರ್ಗದರ್ಶಕರನ್ನೂ ಹೋಟೆಲಿನವರ ಮಾತನ್ನೂ ನೆಚ್ಚಿಕೊಳ್ಳದೆ ತನ್ನ ಕಾಲಮೇಲೆ ನಿಲ್ಲುವಂತಾಗಬೇಕೆಂಬ ಉದ್ದೇಶದಿಂದ ತನ್ನ ಪುಸ್ತಕಗಳನ್ನು ರೂಪಿಸತೊಡಗಿದ. ಮರ್ರೆಯ ಭಾರತ ಕೈಪಿಡಿ ಮದ್ರಾಸ್ ಮತ್ತು ಬೊಂಬಾಯಿ ಪ್ರಾಂತಗಳ ಭಾಗಗಳೊಂದಿಗೆ 1859ರಲ್ಲಿ ಆರಂಭವಾಯಿತು. ಇವುಗಳ ಓದುಗರು ಉಳ್ಳವರೇ ಆಗಿದ್ದರೂ ಪುಸ್ತಕ ತಯಾರಾಗುತ್ತಿದ್ದ ಬಗೆಯಲ್ಲಿ ಮುಂದಿನ ಕಾಲದ ಬೀಜವಿತ್ತು: ತಪ್ಪು ಕಂಡಲ್ಲಿ ಬರೆದು ತಿಳಿಸಿರೆಂದು ಪ್ರಕಾಶಕರು ಓದುಗರನ್ನು ಕೋರುತ್ತಿದ್ದರು, ಓದುಗರು ಬರೆಯುತ್ತಿದ್ದರು, ಮುಂದಿನ ಮುದ್ರಣ ಅದರಿಂದ ಸುಧಾರಿಸುತ್ತಿತ್ತು. ಇವುಗಳ ಜೊತೆಗೆ ನಿಲ್ಲಬೇಕಾದ ಇನ್ನೊಂದು ಪುಸ್ತಕ ಥಾಮಸ್ ಕುಕ್ ಸಂಸ್ಥೆ 1873ರಲ್ಲಿ ಆರಂಭಿಸಿದ ರೈಲು ವೇಳಾಪಟ್ಟಿ. ಹಲವು ದೇಶಗಳ ರೈಲುಗಳ ಹೊತ್ತನ್ನು ಒಂದೇ ಕಡೆ ಕೊಟ್ಟ ಈ ಪುಸ್ತಕವಿದ್ದರೆ ಸ್ವಂತ ಬುದ್ಧಿಯಿಂದ ಯುರೋಪಿನ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರಿ ಜೋಡಿಸಿಕೊಳ್ಳಬಹುದಾಗಿತ್ತು.

ಬಡ ಪ್ರಯಾಣಿಕನಿಗೆ ಬಾಗಿಲು ತೆರೆದದ್ದು ತಂಗುವ ಸ್ಥಳದ ಮೂಲಕ. ಜರ್ಮನಿಯ ಶಾಲಾ ಶಿಕ್ಷಕ ರಿಚರ್ಡ್ ಶಿರ್ಮಾನ್ 1909ರಲ್ಲಿ ಮಕ್ಕಳೊಡನೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದಾಗ ಗುಡುಗುಮಳೆಗೆ ಸಿಲುಕಿ ಶಾಲೆಯೊಂದರಲ್ಲಿ ರಾತ್ರಿ ಕಳೆದ. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳಲ್ಲಿ ನಡೆದು ಬರುವ ಮಕ್ಕಳಿಗೆ ತಂಗುದಾಣ ಏಕಿರಬಾರದೆಂಬ ಅವನ ಯೋಚನೆ 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಮೊದಲ ಕಾಯಂ ಯೂತ್ ಹಾಸ್ಟೆಲ್ ಆಗಿ ನೆಲೆಗೊಂಡಿತು. 1932ರಲ್ಲಿ ಹಾಸ್ಟೆಲುಗಳ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಎರಡನೆಯ ಮಹಾಯುದ್ಧದ ಬಳಿಕ, 1949ರಲ್ಲಿ, ಡೆನ್ಮಾರ್ಕಿನಲ್ಲಿ ಆರಂಭವಾಗಿ ಮುಂದೆ ಸರ್ವಾಸ್ ಎಂಬ ಹೆಸರು ಪಡೆದ ಶಾಂತಿ ಸಂಘಟನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪರದೇಶದ ಅತಿಥಿಗಳನ್ನು ಹಣ ಪಡೆಯದೆ ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪಿದವರ ವಿಳಾಸಪಟ್ಟಿಯನ್ನು ಅಚ್ಚುಹಾಕಿ ಸದಸ್ಯರ ನಡುವೆ ಹಂಚಿತು. ಅಮೆರಿಕದ ಸೈನಿಕನಾಗಿ ಯುರೋಪಿನಲ್ಲಿದ್ದ ಆರ್ಥರ್ ಫ್ರಾಮರ್, ದಿನಕ್ಕೆ ಐದು ಡಾಲರಿನಲ್ಲಿ ಯುರೋಪು ನೋಡುವ ಬಗೆಯನ್ನು 1957ರ ಪುಸ್ತಕದಲ್ಲಿ ತೋರಿಸಿದ. 1960ರಲ್ಲಿ ಹಾರ್ವರ್ಡ್ ವಿದ್ಯಾರ್ಥಿಗಳು ಸೈಕ್ಲೋಸ್ಟೈಲ್ ಮಾಡಿದ ಕಿರುಹೊತ್ತಗೆಯೊಂದನ್ನು ಹೊರತಂದರು. ಅದು ಲೆಟ್ಸ್ ಗೋ ಮಾಲೆಯಾಗಿ ಬೆಳೆಯಿತು.

ಈ ಚರಿತ್ರೆಯ ಅತ್ಯಂತ ಸಮೃದ್ಧ ಅಧ್ಯಾಯ ಏಷ್ಯಾಕ್ಕೆ ಸೇರಿದ್ದು. 1960ರ ದಶಕದ ಕೊನೆಯಿಂದ ಯುರೋಪಿನ ಯುವಜನರು ಇಸ್ತಾಂಬುಲ್, ಟೆಹರಾನ್, ಕಾಬೂಲ್, ಲಾಹೋರ್ ಮಾರ್ಗವಾಗಿ ಬಸ್ಸು, ರೈಲು, ಹಳೆಯ ವ್ಯಾನುಗಳಲ್ಲಿ ದೆಹಲಿ, ಕಠ್ಮಂಡು ಮತ್ತು ಗೋವಾಕ್ಕೆ ಬರತೊಡಗಿದರು. ಅವರಿಗೆ ಬೇಕಾದ ತಿಳಿವಳಿಕೆ ಯಾವ ಪ್ರಕಾಶಕನ ಬಳಿಯೂ ಇರಲಿಲ್ಲ. ಎದುರಿನಿಂದ ಬರುತ್ತಿದ್ದ ಪ್ರಯಾಣಿಕನ ಬಳಿ ಮಾತ್ರ ಇತ್ತು. ಇಸ್ತಾಂಬುಲಿನ ಸುಲ್ತಾನ್ ಅಹ್ಮೆತ್ ಬಡಾವಣೆಯಲ್ಲಿ 1957ರಲ್ಲಿ ತೆರೆದ ಲಾಲೆ ಉಪಾಹಾರಗೃಹ, ಪ್ರಯಾಣಿಕರ ಬಾಯಲ್ಲಿ ಪುಡ್ಡಿಂಗ್ ಶಾಪ್, ಇಂಥ ವಿನಿಮಯದ ಕೇಂದ್ರವಾಯಿತು. ಅಲ್ಲಿನ ಸೂಚನಾ ಫಲಕದಲ್ಲಿ ಪೂರ್ವಕ್ಕೆ ಹೊರಟ ವಾಹನದಲ್ಲಿ ಖಾಲಿ ಜಾಗವಿದೆಯೆಂಬ, ಜೊತೆಗಾರರು ಬೇಕೆಂಬ, ಇಂಥವರು ಇಂಥಲ್ಲಿಗೆ ಹೋದರೆಂಬ ಚೀಟಿಗಳು ಒತ್ತೊತ್ತಾಗಿ ಅಂಟಿರುತ್ತಿದ್ದವು. ಲಂಡನ್ನಿನಲ್ಲಿ ಬಿಟ್ ಎಂಬ ಉಚಿತ ಮಾಹಿತಿ ಕೇಂದ್ರವು, ದಾರಿಯಲ್ಲಿದ್ದವರು ಬರೆದ ಪತ್ರಗಳನ್ನೇ ಒಟ್ಟುಮಾಡಿ, ಭಾರತ ಮತ್ತು ಆಸ್ಟ್ರೇಲಿಯಾದತ್ತ ನೆಲಮಾರ್ಗವಾಗಿ ಹೋಗುವವರಿಗೆ ಪಿನ್ ಹೊಡೆದ ಹಾಳೆಗಳ ಕೈಪಿಡಿಯನ್ನು ಕೊಡುತ್ತಿತ್ತು. ಪತ್ರ ಬಂದಂತೆ ಹಾಳೆ ಬದಲಾಗುತ್ತಿದ್ದ ಈ ಕೈಪಿಡಿಯಲ್ಲಿ ಬರೆದವರೂ ಓದುವವರೂ ಒಂದೇ ಸಮುದಾಯದವರಾಗಿದ್ದರು. ಈಗಿನ ಜಾಲತಾಣಗಳ ನಿಜವಾದ ಪೂರ್ವಜ ಎಂಬ ಮಾನ್ಯತೆ ಬೇಡೆಕರನ ಪುಸ್ತಕಗಳಿಗಿಂತ ಈ ಹಾಳೆಗಳಿಗೇ ಸಲ್ಲಬೇಕು.

ಅದೇ ದಾರಿಯನ್ನು 1972ರಲ್ಲಿ ಕ್ರಮಿಸಿ ಸಿಡ್ನಿ ತಲುಪಿದ ಟೋನಿ ಮತ್ತು ಮೌರೀನ್ ವೀಲರ್ ದಂಪತಿ, ಕೇಳಿದವರಿಗೆಲ್ಲ ಉತ್ತರಿಸುವ ಬದಲು 1973ರಲ್ಲಿ 96 ಪುಟಗಳ ಪುಸ್ತಕವೊಂದನ್ನು ತಾವೇ ಅಚ್ಚುಹಾಕಿಸಿ, ಕೈಯಾರೆ ಪಿನ್ ಹೊಡೆದು ಮಾರಿದರು. ಲೋನ್ಲಿ ಪ್ಲಾನೆಟ್ ಪ್ರಕಾಶನ ಹುಟ್ಟಿದ್ದು ಹೀಗೆ. ಬಿಟ್ ಕೈಪಿಡಿಯನ್ನು ಸಂಪಾದಿಸುತ್ತಿದ್ದ ಜೆಫ್ ಕ್ರೌತರ್ ಮುಂದೆ ಅವರಿಗಾಗಿ ಬರೆದವರಲ್ಲಿ ಒಬ್ಬ. 1981ರಲ್ಲಿ ಬಂದ ಭಾರತದ ದಪ್ಪ ಕೈಪಿಡಿಯಲ್ಲಿಯೂ ಅವನ ಪಾಲಿದೆ. 1979ರಲ್ಲಿ ಇರಾನಿನ ಕ್ರಾಂತಿ ಮತ್ತು ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆಯ ಪ್ರವೇಶದಿಂದ ನೆಲಮಾರ್ಗ ಮುಚ್ಚಿಹೋದರೂ ಪುಸ್ತಕಗಳು ಬೆಳೆಯುತ್ತಲೇ ಹೋದವು. ಕರ್ನಾಟಕದಲ್ಲಿ ಹಂಪಿ ಮತ್ತು ಗೋಕರ್ಣಗಳಿಗೆ ಬೆನ್ನಚೀಲ ಹೊತ್ತ ವಿದೇಶೀಯರು ಬಂದುದರ ಹಿಂದೆ ಇಂಥ ಪುಸ್ತಕಗಳೂ ಬಾಯಿಮಾತೂ ಸೇರಿ ಕೆಲಸಮಾಡಿದವು. ತುಂಗಭದ್ರೆಯ ಆಚೆಯ ವಿರೂಪಾಪುರ ಗಡ್ಡೆಯಲ್ಲಿ ಹೀಗೆ ಬೆಳೆದಿದ್ದ ವಸತಿಗಳು ಸುಪ್ರೀಂ ಕೋರ್ಟಿನ ತೀರ್ಪಿನ ನಂತರ 2020ರಲ್ಲಿ ತೆರವಾದವು. ಹಳೆಯ ಮುದ್ರಣದ ಕೈಪಿಡಿಯನ್ನು ಹಿಡಿದು ಬರುವವರು ಇಲ್ಲದ ಮನೆಗಳನ್ನು ಹುಡುಕಬೇಕಾಗುತ್ತದೆ. ಅಚ್ಚಾದ ಮಾಹಿತಿಯ ಈ ದೌರ್ಬಲ್ಯವೇ ಅದನ್ನು ಇಂಟರ್ನೆಟ್ಟಿನ ಕಡೆಗೆ ತಳ್ಳಿತು.

ನೈರೋಬಿಯ ಹೋಟೆಲೊಂದರ ಅಂಗಳದಲ್ಲಿದ್ದ ಜಾಲಿಮರದ ಬಳಿ ಪ್ರಯಾಣಿಕರು ಒಬ್ಬರಿಗೊಬ್ಬರು ಚೀಟಿ ಬಿಟ್ಟುಹೋಗುವ ವಾಡಿಕೆಯಿತ್ತು. ಲೋನ್ಲಿ ಪ್ಲಾನೆಟ್ ಆ ಮರದ ಹೆಸರಿನಲ್ಲೇ, ಥಾರ್ನ್ ಟ್ರೀ ಎಂದು, 1996ರಲ್ಲಿ ಜಾಲದಲ್ಲಿ ಒಂದು ಚರ್ಚಾ ವೇದಿಕೆಯನ್ನು ತೆರೆಯಿತು. ಯಾವ ಗಡಿ ಇಂದು ತೆರೆದಿದೆಯೆಂಬ ಪ್ರಶ್ನೆಗೆ ನಿನ್ನೆ ಅಲ್ಲಿ ದಾಟಿದವನೇ ಉತ್ತರಿಸುವುದು ಸಾಧ್ಯವಾಯಿತು. ಆದರೆ ವೇದಿಕೆ ಪ್ರಕಾಶನದ ಆಸ್ತಿಯಾಗಿತ್ತು. ಪ್ರಕಾಶನವನ್ನು 2007ರಲ್ಲಿ ಬಿಬಿಸಿಯ ವಾಣಿಜ್ಯ ಅಂಗಸಂಸ್ಥೆ ಕೊಂಡಿತು, 2013ರಲ್ಲಿ ಕೊಂಡದ್ದಕ್ಕಿಂತ ಬಹಳ ಕಡಿಮೆ ಬೆಲೆಗೆ ಮಾರಿತು, 2020ರಲ್ಲಿ ಅದು ಮತ್ತೆ ಕೈಬದಲಾಯಿತು. ಥಾರ್ನ್ ಟ್ರೀ 2020ರಲ್ಲಿ ಹೊಸ ಬರಹಗಳಿಗೆ ಮುಚ್ಚಿ, ಬಳಿಕ ಇಲ್ಲವಾಯಿತು. ಎರಡು ದಶಕಕ್ಕೂ ಮೀರಿ ಸಾವಿರಾರು ಜನ ಬರೆದ ಉತ್ತರಗಳನ್ನು ಬೇರೆಡೆಗೆ ಒಯ್ದು ಉಳಿಸಿಕೊಳ್ಳುವ ಹಕ್ಕು ಬರೆದವರ ಸಮುದಾಯಕ್ಕೆ ಇರಲಿಲ್ಲವೆಂಬುದು ವಿಷಾದದ ಸಂಗತಿ.

ಇದಕ್ಕೆ ಎದುರಾಗಿ ನಿಲ್ಲುವುದು ವಿಕಿಟ್ರಾವೆಲ್ ಎಂಬ ತಾಣದ ಕಥೆ. 2003ರಲ್ಲಿ ಇವಾನ್ ಪ್ರೊಡ್ರೊಮೊ ಮತ್ತು ಮಿಶೆಲ್ ಆನ್ ಜೆಂಕಿನ್ಸ್ ಆರಂಭಿಸಿದ ಇದರಲ್ಲಿ, ವಿಕಿಪೀಡಿಯದಲ್ಲಿರುವಂತೆ, ಯಾರು ಬೇಕಾದರೂ ಊರೊಂದರ ಪುಟವನ್ನು ಬರೆಯಬಹುದಿತ್ತು, ತಿದ್ದಬಹುದಿತ್ತು. ಬರಹವೆಲ್ಲ ಮುಕ್ತ ಪರವಾನಗಿಯಡಿ ಇತ್ತು. ಅಂದರೆ ಮೂಲ ಲೇಖಕರನ್ನು ಹೆಸರಿಸಿ, ತಾನು ಮಾಡಿದ ಮಾರ್ಪಾಟನ್ನೂ ಅದೇ ಷರತ್ತಿನಲ್ಲಿ ಬಿಟ್ಟುಕೊಡುವುದಾದರೆ, ಆ ಬರಹವನ್ನು ನಕಲಿಸಿ ಬೇರೆಡೆ ಬಳಸಲು ಯಾರಿಗೂ ಅಡ್ಡಿಯಿರಲಿಲ್ಲ. 2006ರಲ್ಲಿ ತಾಣವನ್ನು ಇಂಟರ್ನೆಟ್ ಬ್ರ್ಯಾಂಡ್ಸ್ ಎಂಬ ಕಂಪನಿ ಕೊಂಡಾಗ ಜರ್ಮನ್ ಭಾಷೆಯ ಬರಹಗಾರರು ಒಪ್ಪದೆ, ಅದೇ ವರ್ಷದ ಡಿಸೆಂಬರಿನಲ್ಲಿ ತಮ್ಮ ಪುಟಗಳ ಪ್ರತಿಯನ್ನು ತೆಗೆದುಕೊಂಡು ವಿಕಿವಾಯೇಜ್ ಎಂಬ ಪ್ರತ್ಯೇಕ ತಾಣವನ್ನು ಕಟ್ಟಿದರು. 2012ರಲ್ಲಿ ಇಂಗ್ಲಿಷ್ ಮತ್ತಿತರ ಭಾಷೆಗಳ ಬರಹಗಾರರೂ ಅದೇ ದಾರಿ ಹಿಡಿದು, ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನದ ಆಶ್ರಯ ಕೋರಿದಾಗ ಕಂಪನಿಯು ಇಬ್ಬರು ಸ್ವಯಂಸೇವಕರ ಮೇಲೆ ದಾವೆ ಹೂಡಿತು. ಪ್ರತಿಷ್ಠಾನವೂ ನ್ಯಾಯಾಲಯಕ್ಕೆ ಹೋಯಿತು. 2013ರ ಜನವರಿ 15ರಂದು ವಿಕಿವಾಯೇಜ್ ಪ್ರತಿಷ್ಠಾನದ ಯೋಜನೆಯಾಗಿ ಅಧಿಕೃತವಾಗಿ ಆರಂಭವಾಯಿತು, ಮರುತಿಂಗಳು ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಹೆಸರನ್ನೂ ಯಂತ್ರಗಳನ್ನೂ ಕೊಂಡ ಕಂಪನಿಗೆ ಬರಹದ ಮೇಲೆ ಏಕಸ್ವಾಮ್ಯ ಸಿಗಲಿಲ್ಲ, ಏಕೆಂದರೆ ಅದನ್ನು ಯಾರಿಗೂ ಪೂರ್ತಿಯಾಗಿ ಮಾರಲು ಬಾರದಂತೆ ಪರವಾನಗಿಯೇ ಕಟ್ಟುಹಾಕಿತ್ತು. ಅಗ್ಗದ ಪ್ರಯಾಣದ ಇಡೀ ಚರಿತ್ರೆಯಲ್ಲಿ ಪ್ರಯಾಣಿಕರು ತಮ್ಮ ತಿಳಿವಳಿಕೆಯನ್ನು ತಾವೇ ಹೊತ್ತು ಹೊರನಡೆದು ಗೆದ್ದ ಪ್ರಸಂಗಗಳಲ್ಲಿ ಇದರಷ್ಟು ಸ್ಪಷ್ಟವಾದದ್ದು ಇನ್ನೊಂದಿಲ್ಲ.

ನಕಾಶೆಗಳ ಲೋಕದಲ್ಲೂ ಇಂಥದೇ ನಡೆಯಿತು. ಸ್ವಯಂಸೇವಕರು 2004ರಿಂದ ಕಟ್ಟುತ್ತಿರುವ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕಾಶೆಯನ್ನು ಬಳಸಿ, ಪರದೇಶದಲ್ಲಿ ಸಂಪರ್ಕವಿಲ್ಲದಾಗಲೂ ಫೋನಿನಲ್ಲಿ ದಾರಿ ತೋರಿಸುವ ಮ್ಯಾಪ್ಸ್.ಮಿ ತಂತ್ರಾಂಶ ರೂಪುಗೊಂಡಿತು. ಅದು ಕಂಪನಿಗಳ ಕೈಗೆ ಹೋಗಿ ಸ್ವರೂಪ ಬದಲಿಸಿದ ಮೇಲೆ, ಅದರ ಮುಕ್ತ ಆಕರವನ್ನೇ ಆಧರಿಸಿ ಆರ್ಗಾನಿಕ್ ಮ್ಯಾಪ್ಸ್ ಹುಟ್ಟಿತು. ಆತಿಥ್ಯದ ಕ್ಷೇತ್ರದಲ್ಲಿ ಮಾತ್ರ ಹೊರನಡೆಯುವುದು ಅಷ್ಟು ಸುಲಭವಾಗಲಿಲ್ಲ. ಅಪರಿಚಿತರ ಮನೆಯಲ್ಲಿ ಉಚಿತವಾಗಿ ತಂಗಲು ಅನುವುಮಾಡುವ ಕೌಚ್‌ಸರ್ಫಿಂಗ್ 2004ರಲ್ಲಿ ಆರಂಭವಾಗಿ, ಸ್ವಯಂಸೇವಕರ ಉತ್ಸಾಹದಿಂದ ಬೆಳೆದು, 2011ರಲ್ಲಿ ಲಾಭಕ್ಕಾಗಿ ನಡೆಯುವ ಕಂಪನಿಯಾಗಿ, 2020ರಲ್ಲಿ ಸದಸ್ಯರಿಂದ ಶುಲ್ಕ ಕೇಳತೊಡಗಿತು. ಬಿವೆಲ್ಕಂ, ಟ್ರಸ್ಟ್‌ರೂಟ್ಸ್ ಮುಂತಾದ ಲಾಭರಹಿತ ತಾಣಗಳು ಬದಲಿಯಾಗಿ ಇದ್ದರೂ, ಒಬ್ಬ ಅತಿಥೇಯನ ಬಗ್ಗೆ ವರ್ಷಗಳ ಕಾಲ ಅತಿಥಿಗಳು ಬರೆದ ಸಾಕ್ಷಿ, ಅಂದರೆ ನಂಬಿಕೆಯ ದಾಖಲೆ, ಹಳೆಯ ತಾಣದಲ್ಲೇ ಉಳಿಯುತ್ತದೆ. ಅದನ್ನು ಊರಿನ ಪುಟದಂತೆ ನಕಲಿಸಿ ಒಯ್ಯಲು ಬರುವುದಿಲ್ಲ.

ರೈಲಿನ ವಿಷಯದಲ್ಲಿ ಒಬ್ಬನೇ ವ್ಯಕ್ತಿಯ ಶ್ರದ್ಧೆ ಸಂಸ್ಥೆಯೊಂದಕ್ಕೆ ಸಮನಾಗಿ ನಿಂತಿದೆ. ಬ್ರಿಟನ್ನಿನ ರೈಲ್ವೆಯಲ್ಲಿ ಕೆಲಸಮಾಡಿದ ಮಾರ್ಕ್ ಸ್ಮಿತ್ 2001ರಲ್ಲಿ ಆರಂಭಿಸಿದ ಸೀಟ್ ಸಿಕ್ಸ್ಟಿವನ್ ತಾಣವು, ಯಾವ ದೇಶದ ಟಿಕೆಟನ್ನು ಯಾವ ತಾಣದಲ್ಲಿ, ಎಷ್ಟು ದಿನ ಮೊದಲು ಕೊಂಡರೆ ಅಗ್ಗ ಎಂಬುದನ್ನು ಹೆಜ್ಜೆಹೆಜ್ಜೆಯಾಗಿ ವಿವರಿಸುತ್ತದೆ. ಇತ್ತ 140 ವರ್ಷ ನಡೆದ ಥಾಮಸ್ ಕುಕ್ ವೇಳಾಪಟ್ಟಿ 2013ರ ಆಗಸ್ಟಿನಲ್ಲಿ ನಿಂತಾಗ, ಅದನ್ನು ತಯಾರಿಸುತ್ತಿದ್ದ ಸಿಬ್ಬಂದಿಯೇ ಸ್ವತಂತ್ರ ಸಂಸ್ಥೆ ಕಟ್ಟಿ ಮರುವರ್ಷ ಅದಕ್ಕೆ ಮತ್ತೆ ಜೀವ ಕೊಟ್ಟರು. ಮೂಲ ಕಂಪನಿ 2019ರಲ್ಲಿ ದಿವಾಳಿಯಾಯಿತು.

ಭಾರತೀಯರ ಮಟ್ಟಿಗೆ ಈ ಚರಿತ್ರೆ ತಡವಾಗಿ ಆರಂಭವಾಗುತ್ತದೆ, ಅದಕ್ಕೆ ಕಾರಣ ಆಸಕ್ತಿಯ ಕೊರತೆಯಲ್ಲ. ಪಾಸ್‌ಪೋರ್ಟ್ ಕೊಡುವುದು ಸರ್ಕಾರದ ಇಚ್ಛೆಗೆ ಬಿಟ್ಟದ್ದೆಂಬ ನಿಲುವನ್ನು ತಳ್ಳಿಹಾಕಿ, ಹೊರದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯಕ್ಕೆ ಸೇರಿದ ಹಕ್ಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1967ರಲ್ಲಿ. ಪಾಸ್‌ಪೋರ್ಟ್ ಕಾಯ್ದೆ ಬಂದದ್ದೂ ಆ ವರ್ಷವೇ. ಆ ಬಳಿಕವೂ ವಿದೇಶಿ ವಿನಿಮಯದ ಬಿಗಿ ನಿಯಂತ್ರಣ ದಶಕಗಳ ಕಾಲ ಮುಂದುವರಿಯಿತು. 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ (ಫೆಮಾ) ಮತ್ತು ನಿವಾಸಿಗಳು ವರ್ಷಕ್ಕೆ 25,000 ಡಾಲರಿನವರೆಗೆ ಹೊರಕ್ಕೆ ಕಳಿಸಲು ರಿಸರ್ವ್ ಬ್ಯಾಂಕ್ 2004ರಲ್ಲಿ ಅವಕಾಶ ಕೊಟ್ಟ ಯೋಜನೆಯ ನಂತರವೇ ಸಾಮಾನ್ಯ ಸಂಬಳದಾರರಿಗೆ ಸ್ವಂತ ಯೋಜನೆಯ ವಿದೇಶ ಪ್ರಯಾಣ ಕೈಗೆಟುಕುವ ಮಾತಾಯಿತು. ಕನ್ನಡದಲ್ಲಿ ಶಿವರಾಮ ಕಾರಂತರ ‘ಅಪೂರ್ವ ಪಶ್ಚಿಮ’ದಿಂದ ಗೊರೂರರ ‘ಅಮೆರಿಕದಲ್ಲಿ ಗೊರೂರು’ವರೆಗೆ ಶ್ರೇಷ್ಠವಾದ ಪ್ರವಾಸ ಕಥನಗಳಿದ್ದರೂ, ಅವು ಅನುಭವದ ಗ್ರಂಥಗಳು, ಟಿಕೆಟ್ಟಿನ ದರವನ್ನೂ ಗಡಿಯ ಕಾಗದಗಳನ್ನೂ ತಿಳಿಸುವ ಕೈಪಿಡಿಗಳ ಪರಂಪರೆ ಅವುಗಳ ಪಕ್ಕದಲ್ಲಿ ಬೆಳೆಯಲಿಲ್ಲ.

ಇಂಗ್ಲಿಷಿನ ಪುಸ್ತಕಗಳು ಈ ಕೊರತೆಯನ್ನು ತುಂಬಲು ಆಗುತ್ತಿರಲಿಲ್ಲ, ಏಕೆಂದರೆ ಅವುಗಳ ಓದುಗ ಬ್ರಿಟಿಷ್, ಅಮೆರಿಕನ್ ಅಥವಾ ಆಸ್ಟ್ರೇಲಿಯನ್ ಪಾಸ್‌ಪೋರ್ಟ್ ಉಳ್ಳವನೆಂಬುದು ಬರೆಯದೆಯೇ ಒಪ್ಪಿಕೊಂಡ ಮಾತಾಗಿತ್ತು. ವೀಸಾ ಬೇಕಿಲ್ಲವೆಂದು ಪುಸ್ತಕ ಹೇಳಿದ ದೇಶಕ್ಕೆ ಭಾರತೀಯನು ಬ್ಯಾಂಕಿನ ಲೆಕ್ಕಪತ್ರ, ಹೋಟೆಲಿನ ಮುಂಗಡ ಕಾಯ್ದಿರಿಸುವಿಕೆ, ಹಿಂದಿರುಗುವ ಟಿಕೆಟ್ಟುಗಳನ್ನು ಹೊಂದಿಸಿಕೊಂಡು ಅರ್ಜಿ ಹಾಕಬೇಕಿತ್ತು; ನಾಳೆ ಎಲ್ಲಿಗೆಂದು ಇಂದು ನಿರ್ಧರಿಸುವ ಸ್ವಾತಂತ್ರ್ಯವೇ ಅಗ್ಗದ ಪ್ರಯಾಣದ ಜೀವವಾಗಿರುವಾಗ, ಇಡೀ ದಾರಿಯನ್ನು ಮೊದಲೇ ಬರೆದುಕೊಡಬೇಕಾದವನ ಕಷ್ಟ ಆ ಪುಟಗಳಲ್ಲಿ ಕಾಣಿಸುವುದಿಲ್ಲ. ಊಟದ ವಿಷಯದಲ್ಲಿ, ಸಸ್ಯಾಹಾರಿಗಳಿಗೆ 1999ರಲ್ಲಿ ಆರಂಭವಾದ ಹ್ಯಾಪಿಕೌ ತಾಣ ಲೋಕದ ಊರೂರುಗಳ ಸಸ್ಯಾಹಾರದ ಉಪಾಹಾರಗೃಹಗಳನ್ನು ಪಟ್ಟಿಮಾಡಿ ಒಂದು ತೊಡಕನ್ನು ನೀಗಿಸಿತು. ವೀಸಾದ ಮಾತಿನಲ್ಲಾದರೋ ಆಯಾ ದೇಶದ ರಾಯಭಾರ ಕಚೇರಿಯ ತಾಣವೇ ಪ್ರಮಾಣ. ಆದರೆ ಯಾವ ಕಾಗದವನ್ನು ಹೇಗೆ ತೋರಿಸಿದರೆ ಅರ್ಜಿ ತೊಡಕಿಲ್ಲದೆ ಸಾಗುತ್ತದೆಂಬುದು ಹಾದುಬಂದವರಿಗೆ ಮಾತ್ರ ಗೊತ್ತಿರುವ ಸಂಗತಿ.

ಅಂಥ ತಿಳಿವಳಿಕೆ ಈಗ ಕನ್ನಡಿಗರ ನಡುವೆ ಇಲ್ಲದಿಲ್ಲ. ಅದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ, ಯೂಟ್ಯೂಬಿನ ವಿಡಿಯೊಗಳಲ್ಲಿ, ಫೇಸ್‌ಬುಕ್ಕಿನ ಪುಟಗಳಲ್ಲಿ ಚದುರಿಕೊಂಡಿದೆ. ಹುಡುಕಲು ಕಷ್ಟ, ತಿದ್ದಲು ಇನ್ನೂ ಕಷ್ಟ, ಮತ್ತು ಅದನ್ನು ಇಟ್ಟುಕೊಂಡಿರುವ ಕಂಪನಿ ಬೇಡವೆಂದ ದಿನ ಥಾರ್ನ್ ಟ್ರೀಯ ಗತಿಯೇ ಅದಕ್ಕೂ ಬರಬಹುದು. ವಿಕಿವಾಯೇಜಿಗೆ ಹಿಂದಿ ಮತ್ತು ಬಂಗಾಳಿ ಆವೃತ್ತಿಗಳಿವೆ, ಕನ್ನಡದ ಆವೃತ್ತಿ ಇನ್ನೂ ಆಗಬೇಕಿದೆ. ಹೊಸ ಭಾಷೆಯೊಂದರ ಆವೃತ್ತಿಯನ್ನು ವಿಕಿಮೀಡಿಯ ಮೊದಲು ಪ್ರಾಯೋಗಿಕ ತಾಣದಲ್ಲಿ ಬೆಳೆಯಗೊಟ್ಟು, ಕೆಲವೇ ಮಂದಿಯಾದರೂ ಬಿಡದೆ ತಿಂಗಳುಗಟ್ಟಲೆ ಬರೆಯುತ್ತಿರುವುದು ಕಂಡ ಮೇಲೆ ಸ್ವತಂತ್ರ ತಾಣವಾಗಿ ಒಪ್ಪುತ್ತದೆ. 2003ರಿಂದ ಕನ್ನಡ ವಿಕಿಪೀಡಿಯವನ್ನು ನಡೆಸಿಕೊಂಡು ಬಂದಿರುವ ಭಾಷೆಗೆ ಆ ಷರತ್ತು ಹೊಸದೂ ಅಲ್ಲ, ಮೀರಿದ್ದೂ ಅಲ್ಲ.