ಸೆನೋಟೆ ಛಾಯಾಗ್ರಹಣ ಡೈವಿಂಗ್

ಮೆಕ್ಸಿಕೋದ ಯುಕಟಾನ್ ಪರ್ಯಾಯದ್ವೀಪದಲ್ಲಿ, ನೀರು ತುಂಬಿದ ಸುಣ್ಣಕಲ್ಲಿನ ಗುಹೆಗಳೊಳಗೆ ಗೈಡ್ ಜೊತೆ ಇಳಿದು ಚಿತ್ರ ತೆಗೆಯುವ ಚಟುವಟಿಕೆ. ಗುಹೆಯ ಚಾವಣಿ ಕುಸಿದು ಒಳಗಿನ ನೀರು ಬಯಲಾದ ಬಾವಿಯಂಥ ಕುಳಿಯೇ ಸೆನೋಟೆ. ಇಂಥ ಪ್ರವಾಸಗಳು ಬಹುಮಟ್ಟಿಗೆ ನಡೆಯುವುದು ಕಿಂಟಾನ ರೋ ರಾಜ್ಯದಲ್ಲಿ, ಪ್ಲಾಯಾ ಡೆಲ್ ಕಾರ್ಮೆನ್ ಮತ್ತು ಟುಲುಮ್ ಪಟ್ಟಣಗಳ ಸುತ್ತಿನ ಕರಾವಳಿ ಪಟ್ಟಿಯಲ್ಲಿ. ಫ್ಲಾರಿಡಾದಲ್ಲೂ ಬಹಾಮಾಸ್‌ನಲ್ಲೂ ಇದೇ ಜಾತಿಯ ಗುಹೆಗಳಿವೆ. ಆದರೆ ಗುಹಾ ತರಬೇತಿ ಇಲ್ಲದ ಸಾಮಾನ್ಯ ಡೈವರ್‌ಗಳನ್ನು ಹಗಲಿನ ಬೆಳಕು ತಲುಪುವ ಎಲ್ಲೆಯೊಳಗೆ ಸುತ್ತಾಡಿಸಿ ತರುವ ಕಸುಬು ಇಲ್ಲಿ ಬೆಳೆದಷ್ಟು ಬೇರೆಡೆ ಬೆಳೆದಂತಿಲ್ಲ.

ನೆಲದ ರಚನೆ

ಪರ್ಯಾಯದ್ವೀಪದ ಉತ್ತರಾರ್ಧದಲ್ಲಿ ಮೇಲೆ ಹರಿಯುವ ನದಿಗಳು ಇಲ್ಲವೆಂದೇ ಹೇಳಬೇಕು. ಮಳೆನೀರು ಸುಣ್ಣಕಲ್ಲನ್ನು ಕರಗಿಸುತ್ತ ನೆಲದಡಿಗೆ ಇಳಿದು, ಅಲ್ಲಿಂದಲೇ ಕಡಲಿಗೆ ಸೇರುತ್ತದೆ. ಹಿಮಯುಗದ ಉಚ್ಛ್ರಾಯದಲ್ಲಿ, ಸುಮಾರು 20,000 ವರ್ಷಗಳ ಹಿಂದೆ, ಸಮುದ್ರಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಈ ಗುಹೆಗಳು ಒಣಗಿದ್ದವು. ತೊಟ್ಟಿಕ್ಕುವ ನೀರಿನಿಂದ ಸ್ಟ್ಯಾಲಕ್ಟೈಟ್, ಸ್ಟ್ಯಾಲಗ್ಮೈಟ್‌ಗಳು ಬೆಳೆದದ್ದು ಅಂಥ ಒಣ ಕಾಲಗಳಲ್ಲಿ. ಮುಳುಗಿದ ಗುಹೆಯಲ್ಲಿ ಅವು ಬೆಳೆಯಲಾರವು. ಡೈವರ್‌ನ ಟ್ಯಾಂಕ್ ತಗುಲಿ ಒಂದು ತುದಿ ಮುರಿದರೆ ಅದು ಮುರಿದೇ ಇರುತ್ತದೆ. 2018ರ ಜನವರಿಯಲ್ಲಿ ಸಾಕ್ ಆಕ್ತುನ್ ಮತ್ತು ದೋಸ್ ಓಹೋಸ್ ಎಂಬ ಎರಡು ಗುಹಾಜಾಲಗಳು ಒಂದಕ್ಕೊಂದು ಕೂಡಿಕೊಂಡಿರುವುದು ಪತ್ತೆಯಾದಾಗ, ಆ ಜಾಲದ ಅಳತೆ ಮಾಡಿದ ಉದ್ದ 347 ಕಿ.ಮೀ. ಆಯಿತು. ಪ್ರವಾಸಿ ಡೈವರ್ ನೋಡುವುದು ಇದರ ಬಾಗಿಲನ್ನಷ್ಟೇ.

ಡೈವ್‌ನ ಕಟ್ಟುಪಾಡು

ಡೈವಿಂಗ್‌ನವರು ಕ್ಯಾವರ್ನ್, ಕೇವ್ ಎಂದು ಎರಡು ಭಾಗ ಮಾಡುತ್ತಾರೆ. ಹೊರಗಿನ ಬೆಳಕು ಕಣ್ಣಿಗೆ ಕಾಣುತ್ತಿರುವವರೆಗೆ ಕ್ಯಾವರ್ನ್. ಆಳವನ್ನೂ ಸೇರಿಸಿ ನೀರಿನ ಮೇಲ್ಮೈಯಿಂದ ಸುಮಾರು 60 ಮೀಟರ್ ಅದರ ಗಡಿ. ಅದರಾಚೆಗೆ ಕೇವ್, ಅಲ್ಲಿಗೆ ಪೂರ್ಣ ತರಬೇತಿ ಪಡೆದವರಿಗೆ ಮಾತ್ರ ಪ್ರವೇಶ. ಗಡಿಯಲ್ಲಿ ಕುಡುಗೋಲು ಹಿಡಿದ ಅಸ್ಥಿಪಂಜರದ ಚಿತ್ರವಿರುವ ಫಲಕ ನೆಟ್ಟಿರುತ್ತಾರೆ. ಗೈಡ್ ಸ್ವತಃ ಕೇವ್ ಡೈವರ್ ಆಗಿರಬೇಕು, ಒಬ್ಬ ಗೈಡ್‌ಗೆ ನಾಲ್ವರಿಗಿಂತ ಹೆಚ್ಚು ಅತಿಥಿಗಳಿರಬಾರದು ಎಂಬುದು ಅಲ್ಲಿಯ ರೂಢಿ. ದಾರಿಯುದ್ದಕ್ಕೂ ಕಾಯಂ ಆಗಿ ಕಟ್ಟಿದ ದಾರವಿರುತ್ತದೆ. ಅದಕ್ಕೆ ಸಿಕ್ಕಿಸಿದ ಬಾಣದ ಗುರುತುಗಳು ಹೊರದಾರಿಯನ್ನು ತೋರಿಸುತ್ತವೆ.

ಈ ನಿಯಮಗಳಿಗೆ ಮೂಲ ಅಮೆರಿಕದ ಗಣಿತ ಶಿಕ್ಷಕ ಶೆಕ್ ಎಕ್ಸ್‌ಲಿ. ಫ್ಲಾರಿಡಾದ ಗುಹೆಗಳಲ್ಲಿ ಸತ್ತವರ ಪ್ರಕರಣಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, 1979ರಲ್ಲಿ ಆತ ಒಂದು ಕಿರುಪುಸ್ತಕ ತಂದ. ಹೊರಗಿನವರೆಗೂ ಸಾಗುವ ದಾರ ಇಲ್ಲದಿರುವುದು, ಗಾಳಿಯಲ್ಲಿ ಮೂರನೆಯ ಎರಡು ಪಾಲನ್ನು ಉಳಿಸಿಕೊಳ್ಳದಿರುವುದು, ಮಿತಿಮೀರಿದ ಆಳ, ಇವು ಆತ ಕಂಡ ಮುಖ್ಯ ಕಾರಣಗಳು. ಎಕ್ಸ್‌ಲಿ 1994ರಲ್ಲಿ ಮೆಕ್ಸಿಕೋದ್ದೇ ಸಕಾತೋನ್ ಎಂಬ ಆಳದ ಕುಳಿಯಲ್ಲಿ ತೀರಿಕೊಂಡ. ಒಳಹೋಗಲು ಗಾಳಿಯ ಮೂರನೇ ಒಂದು ಪಾಲನ್ನಷ್ಟೇ ಬಳಸುವ ಈ ಲೆಕ್ಕ ಕ್ಯಾಮೆರಾ ಹಿಡಿದವನಿಗೆ ಹೆಚ್ಚು ಬಿಗಿ: 200 ಬಾರ್ ಗಾಳಿಯೊಂದಿಗೆ ಇಳಿದ ತಂಡದಲ್ಲಿ ಯಾರದ್ದೇ ಟ್ಯಾಂಕ್‌ನಿಂದ 65 ಬಾರ್ ಖರ್ಚಾದರೂ ಎಲ್ಲರೂ ಹಿಂದಿರುಗಬೇಕು. ಚೌಕಟ್ಟು ಕೂಡಿಸುವ ಗಡಿಬಿಡಿಯಲ್ಲಿ ಉಸಿರು ಬೇಗಬೇಗ ಓಡುವುದರಿಂದ, ಗಾಳಿ ಮೊದಲು ಮುಗಿಸುವವನು ಸಾಮಾನ್ಯವಾಗಿ ಛಾಯಾಗ್ರಾಹಕನೇ.

ಬೆಳಕು, ನೀರು, ಕ್ಯಾಮೆರಾ

ಈ ನೀರು ಸ್ಫಟಿಕದಷ್ಟು ತಿಳಿ, ಉಷ್ಣತೆ ವರ್ಷವಿಡೀ 25 ಡಿಗ್ರಿಯ ಆಸುಪಾಸು. ಚಾಕ್ ಮೂಲ್, ತಾಜ್ಮಾ ಹಾ ಸೆನೋಟೆಗಳಲ್ಲಿ ಬೇಸಿಗೆಯ ನಡುಹಗಲು ಬಿಸಿಲುಕೋಲುಗಳು ನೀರನ್ನು ಸೀಳಿಕೊಂಡು ಇಳಿಯುತ್ತವೆ. ಅವನ್ನು ಹಿಡಿಯಲು ಫ್ಲ್ಯಾಶ್ ಬೇಡ. ಹಚ್ಚಿದರೆ ಕೋಲುಗಳೇ ಮಂಕಾಗುತ್ತವೆ. ಅಗಲ ಕೋನದ ಲೆನ್ಸು, ಅದರ ಮುಂದೆ ಗಾಜಿನ ಡೋಮ್, ಐಎಸ್‌ಒ 1600ರ ಸುತ್ತಮುತ್ತ, ನಿಧಾನದ ಶಟರ್, ಹಾಗೂ ಅಲುಗದೆ ತೇಲಬಲ್ಲ ಒಬ್ಬ ಡೈವರ್ ಇದ್ದರೆ ಸಾಕು.

ಒಳಗಿನ ಕತ್ತಲೆಯ ಕೋಣೆಗಳಲ್ಲಿ ಲೆಕ್ಕ ಬೇರೆ. ಕ್ಯಾಮೆರಾಕ್ಕೇ ಅಂಟಿಸಿದ ಫ್ಲ್ಯಾಶ್ ನೀರಿನ ಕಣಗಳಿಗೆಲ್ಲ ತಾಗಿ ಚಿತ್ರದ ತುಂಬ ಬಿಳಿ ಚುಕ್ಕೆ ಎರಚುತ್ತದೆ. ಆದ್ದರಿಂದ ಎದುರಿಗಿರುವ ಡೈವರ್‌ನ ಬೆನ್ನ ಟ್ಯಾಂಕ್‌ಗೆ ಇನ್ನೊಂದು ದೀಪ ಕಟ್ಟಿ, ಅದು ಹಿಂದಿನ ಗೋಡೆಯನ್ನು ಬೆಳಗುವಂತೆ ಮಾಡುತ್ತಾರೆ. ಚಿತ್ರದಲ್ಲಿ ಕೋಣೆಗೆ ಆಳ ಬರುವುದು ಈ ಹಿಂದೀಪದಿಂದ. ತಳದ ಹೂಳನ್ನು ಫಿನ್ ಕದಡಬಾರದೆಂದು ಮಂಡಿ ಮಡಚಿ, ಕಪ್ಪೆಯಂತೆ ಕಾಲು ಬೀಸುತ್ತಾರೆ. ಅಷ್ಟಾದರೂ ಬಿಟ್ಟ ಉಸಿರಿನ ಗುಳ್ಳೆಗಳು ಚಾವಣಿಗೆ ಬಡಿದು ಪುಡಿ ಉದುರಿಸುತ್ತವೆ. ಹಾಗಾಗಿ ಒಳ್ಳೆಯ ಚಿತ್ರಗಳು ಹೋಗುವಾಗಲೇ ಸಿಗಬೇಕು, ಬರುವಾಗ ನೀರು ಹಾಳಾಗಿರುತ್ತದೆ.

ಇನ್ನೊಂದು ತೊಡಕು ಹ್ಯಾಲೋಕ್ಲೈನ್. ಹಗುರವಾದ ಸಿಹಿನೀರು ಮೇಲೆ, ಭಾರವಾದ ಉಪ್ಪುನೀರು ಕೆಳಗೆ ನಿಂತು, ನಡುವೆ ಒಂದು ಗಡಿ ಏರ್ಪಡುತ್ತದೆ. ಕರಾವಳಿಯ ಈ ಭಾಗದಲ್ಲಿ ಅದು ಹತ್ತರಿಂದ ಇಪ್ಪತ್ತು ಮೀಟರ್ ಆಳದಲ್ಲಿ ಸಿಗುವುದು ಸಾಮಾನ್ಯ. ಯಾರೂ ಕದಡದಿದ್ದರೆ ಅದು ಹೊಳೆಯುವ ಮತ್ತೊಂದು ನೀರಿನ ಮೇಲ್ಮೈಯಂತೆ ತೋರುತ್ತದೆ. ಒಬ್ಬರು ಹಾಯ್ದರೆ ಎರಡೂ ಬೆರೆತು, ಬೆಳಕು ಕಂಡಕಂಡತ್ತ ಬಾಗಿ, ಹಿಂದಿನವರಿಗೆ ಎಲ್ಲವೂ ಕಲಸಿಹೋಗುತ್ತದೆ. ಆಟೊಫೋಕಸ್ ಅಲ್ಲಿ ಕೈಕೊಡುತ್ತದೆ. ಗೈಡ್‌ನ ಹಿಂದೆ ಹೋಗದೆ ಪಕ್ಕಕ್ಕೆ ಸರಿದು ಈಜುವುದೊಂದೇ ಪರಿಹಾರ. ಆಂಖೆಲೀತಾ ಸೆನೋಟೆಯಲ್ಲಿ ಸುಮಾರು 30 ಮೀಟರ್ ಆಳದಲ್ಲಿ ತೇಲುವ ಹೈಡ್ರೋಜನ್ ಸಲ್ಫೈಡ್ ಮೋಡ ಬಹಳ ಚಿತ್ರಗಳಲ್ಲಿ ಬಂದಿದೆ. ಅದು ಅನುಭವಿಗಳ ಆಳದ ಡೈವ್.

ಚಿತ್ರವೇ ದಾಖಲೆಯಾದ ಬಗೆ

ಪ್ರಾಚೀನ ಮಾಯಾ ನಗರ ಚಿಚೆನ್ ಇಟ್ಸಾದ ಪವಿತ್ರ ಸೆನೋಟೆಯಿಂದ ಅಮೆರಿಕದ ಎಡ್ವರ್ಡ್ ಥಾಂಪ್ಸನ್ 1904ರಿಂದ ಹೂಳೆತ್ತಿಸಿ ಹೊರತೆಗೆದ ವಸ್ತುಗಳು ಅಪಾರ. ಆದರೆ ಪ್ರತಿ ವಸ್ತು ತಳದಲ್ಲಿ ಎಲ್ಲಿ, ಯಾವುದರ ಪಕ್ಕ ಬಿದ್ದಿತ್ತು ಎನ್ನುವುದು ಹೂಳಿನೊಂದಿಗೇ ಹೋಯಿತು. 1950ರ ದಶಕದ ಕೊನೆಯಲ್ಲಿ ಜಿಬಿಲ್ಚಾಲ್ತುನ್ ಅವಶೇಷಗಳ ಬಳಿಯ ಷ್ಲಾಕಾಹ್ ಸೆನೋಟೆಗೆ ನ್ಯಾಷನಲ್ ಜಿಯಾಗ್ರಫಿಕ್‌ನ ಲೂಯಿಸ್ ಮಾರ್ಡನ್ ಮತ್ತು ಬೇಟ್ಸ್ ಲಿಟಲ್‌ಹೇಲ್ಸ್ ಕ್ಯಾಮೆರಾದೊಂದಿಗೆ ಇಳಿದರು. ನೀರಿನಡಿಯ ಕ್ಯಾಮೆರಾಕ್ಕೆ ಡೋಮ್ ಗಾಜಿನ ಹೌಸಿಂಗ್ ರೂಪಿಸುವಲ್ಲಿ ಲಿಟಲ್‌ಹೇಲ್ಸ್ ಮುಂದೆ ಪಾಲ್ಗೊಂಡದ್ದು ಈ ಕ್ಷೇತ್ರಕ್ಕೆ ದೊಡ್ಡ ಲಾಭ.

2007ರಲ್ಲಿ ಮೂವರು ಡೈವರ್‌ಗಳು ಓಯೊ ನೇಗ್ರೊ ಎಂಬ ಕಪ್ಪು ಕುಳಿಯನ್ನು ಕಂಡರು. ಅದರ ತಳದಲ್ಲಿ ನಶಿಸಿದ ಪ್ರಾಣಿಗಳ ಎಲುಬುಗಳ ನಡುವೆ ಹದಿಹರೆಯದ ಹುಡುಗಿಯೊಬ್ಬಳ ಅಸ್ಥಿಪಂಜರವಿತ್ತು. 12,000 ವರ್ಷಕ್ಕೂ ಹಳೆಯದಾದ ಆಕೆಗೆ ನಾಯಾ ಎಂದು ಹೆಸರಿಟ್ಟರು, ಅಧ್ಯಯನ 2014ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಕುಳಿಯನ್ನೂ ಎಲುಬುಗಳನ್ನೂ ಹಲವು ಕೋನಗಳಿಂದ ಚಿತ್ರಿಸಿ, ಆ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹೆಣೆದು ಮೂರು ಆಯಾಮದ ಮಾದರಿ ಮಾಡಿದ್ದರಿಂದ, ಆ ತಳಕ್ಕೆ ಎಂದೂ ಇಳಿಯಲಾರದ ವಿಜ್ಞಾನಿಗಳೂ ಅದನ್ನು ಅಳೆಯಬಲ್ಲವರಾದರು.

ಇದಕ್ಕಿಂತ ಹೆಚ್ಚು ಪಾಠ ಹೇಳುವುದು ಟುಲುಮ್ ಬಳಿಯ ಚಾನ್ ಹೋಲ್ ಗುಹೆಯ ಪ್ರಕರಣ. 2012ರ ಫೆಬ್ರುವರಿಯಲ್ಲಿ ಡೈವರ್‌ಗಳಿಗೆ ಅಲ್ಲೊಂದು ಮನುಷ್ಯನ ಅಸ್ಥಿಪಂಜರ ಸಿಕ್ಕಿತು. ಚಿತ್ರಗಳು ಫೇಸ್‌ಬುಕ್‌ಗೆ ಬಂದವು. ಮಾರ್ಚ್ ಕಳೆಯುವುದರೊಳಗೆ ಎಲುಬುಗಳನ್ನು ಯಾರೋ ಕದ್ದೊಯ್ದಿದ್ದರು. ಉಳಿದದ್ದು ಚೂರುಪಾರು, ಜೊತೆಗೆ ಸೊಂಟದ ಎಲುಬೊಂದು: ಅದನ್ನು ಸ್ಟ್ಯಾಲಗ್ಮೈಟ್ ಕಚ್ಚಿಕೊಂಡಿದ್ದರಿಂದ ಕಳ್ಳರಿಗೆ ಕೀಳಲಾಗಲಿಲ್ಲ. ಎಲುಬಿನ ಮೇಲೆ ಬೆಳೆದ ಸುಣ್ಣದ ಪದರಗಳನ್ನು ಯುರೇನಿಯಮ್-ಥೋರಿಯಮ್ ವಿಧಾನದಿಂದ ಪರೀಕ್ಷಿಸಿದ ಸಂಶೋಧಕರು 2017ರಲ್ಲಿ ಪ್ಲಾಸ್ ವನ್ ಪತ್ರಿಕೆಯಲ್ಲಿ ಅದಕ್ಕೆ ಕನಿಷ್ಠ 11,300 ವರ್ಷ, ಪ್ರಾಯಶಃ 13,000 ವರ್ಷ ಎಂದರು. ಎರಡನೆಯ ಸಂಖ್ಯೆ ಪದರಗಳಲ್ಲಿನ ಸ್ಥಿರ ಐಸೊಟೋಪ್‌ಗಳ ಏರಿಳಿತದಿಂದ ಅಂದಾಜಿಸಿದ್ದು, ಅದನ್ನು ಎಚ್ಚರದಿಂದಲೇ ಓದಬೇಕು. ದೇಹ ಯಾವ ಭಂಗಿಯಲ್ಲಿತ್ತು, ಯಾವ ಎಲುಬು ಎಲ್ಲಿತ್ತು ಎಂಬುದಕ್ಕೆ ಆಧಾರವಾಗಿ ಉಳಿದಿರುವುದು ಕಳವಿಗೆ ಮೊದಲು ತೆಗೆದ ಆ ಚಿತ್ರಗಳೇ. ಕಳ್ಳರಿಗೆ ದಾರಿ ತೋರಿಸಿದ್ದೂ ಅವೇ ಇರಬಹುದು, ವಿಜ್ಞಾನಕ್ಕೆ ಉಳಿದದ್ದೂ ಅವೇ. ಎಲುಬು, ಮಡಕೆ ಕಂಡರೆ ಮುಟ್ಟದೆ, ಸ್ಥಳದ ಹೆಸರು ಹೊರಹಾಕದೆ, ರಾಷ್ಟ್ರೀಯ ಮಾನವಶಾಸ್ತ್ರ ಮತ್ತು ಇತಿಹಾಸ ಸಂಸ್ಥೆಗೆ ಮೊದಲು ತಿಳಿಸಬೇಕೆಂದು ಜವಾಬ್ದಾರಿಯುತ ಗೈಡ್‌ಗಳು ಡೈವ್‌ಗೆ ಮುಂಚೆಯೇ ಹೇಳುತ್ತಾರೆ.

ಈಚಿನ ಸ್ಥಿತಿ

ಸೆನೋಟೆಗಳು ಹಲವೆಡೆ ಖಾಸಗಿಯವರ ಅಥವಾ ಎಹಿದೊ ಎಂಬ ಗ್ರಾಮ ಸಮುದಾಯಗಳ ಜಮೀನಿನಲ್ಲಿವೆ. ಪ್ರವೇಶ ಶುಲ್ಕದ ಜೊತೆ ಕ್ಯಾಮೆರಾಕ್ಕೆ ಬೇರೆ ಹಣ ಕೇಳುವುದುಂಟು. ಸನ್‌ಸ್ಕ್ರೀನ್ ಹಚ್ಚಿಕೊಂಡವರನ್ನು ನೀರಿಗೆ ಬಿಡುವ ಮುನ್ನ ಸ್ನಾನ ಮಾಡಿಸುತ್ತಾರೆ. ದೊಡ್ಡ ಆತಂಕ ತ್ರೇನ್ ಮಾಯಾ ರೈಲುಮಾರ್ಗದ್ದು. ಅದರ ಐದನೇ ಹಂತವನ್ನು 2022ರಲ್ಲಿ ಕರಾವಳಿ ಹೆದ್ದಾರಿಯಿಂದ ಒಳಗಿನ ಕಾಡಿಗೆ ಸರಿಸಲಾಯಿತು. ಗುಹೆಗಳ ಚಾವಣಿ ಕೊರೆದು ಇಳಿಸಿದ, ಒಳಗೆ ಕಾಂಕ್ರೀಟ್ ತುಂಬಿದ ಉಕ್ಕಿನ ಕಂಬಗಳು ಸ್ಟ್ಯಾಲಕ್ಟೈಟ್‌ಗಳ ನಡುವೆ ನಿಂತಿರುವುದನ್ನು ಸ್ಥಳೀಯ ಗುಹಾ ಅನ್ವೇಷಕರು ಚಿತ್ರ ಸಮೇತ ದಾಖಲಿಸುತ್ತ ಬಂದಿದ್ದಾರೆ.